ಸೆನ್ಸರಿಗೆ ಒಡೆದ ಕಾಯಿ

ಎಂಬತ್ತೊಂಬತ್ತರ ದಸರೆಯ ಮರುದಿನ ಮುಂಬಯಿ ಬಳಿಯ ಶಹಾಡ್ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ ಬೇಸತ್ತು ನಿಂತಿದ್ದ ಉಡುಪಿಯ ವನಮಾಲಾಗೆ ಬೆನ್ನ ಹಿಂದೆ ಕಲಬುರಗಿಯ ಕನ್ನಡ ಕೇಳಿಸಿತು. ಖಾಕಿ ಅಂಗಿಯ ಇಬ್ಬರು, ಯಾವುದೋ ಕಾರ್ಖಾನೆಯವರು. ಅವಳು ತಿರುಗದೆ ಕಿವಿಗೊಟ್ಟಳು.

“ಹುಲಗಪ್ಪಣ್ಣ, ನಿನ್ನ ಯಾಕ ಸಸ್ಪೆಂಡ್ ಮಾಡಿದ್ರು?”

“ಎಣ್ಣಿ ಪೈಪಿನಾಗ ನೀರು ಬಿಟ್ಟೀನಂತ. ಹೊಸಾ ಮಶೀನ್ ಹೇಳ್ಯಾದ.”

“ಪೈಪಿನ ಸುತ್ತ ಸೆನ್ಸರ್ ಪಟ್ಟಿ ಕಟ್ಟಿ, ಒಳಗಿಂದು ಟೀವಿಯಾಗ ತೋರಸ್ತದಲ್ಲ, ಅದಾ?”

“ಹೂಂ. ಎಣ್ಣಿ ಎಷ್ಟು, ಗಾಳಿ ಎಷ್ಟು, ಎಲ್ಲಾ ಚಿತ್ರ ತೆಗೀತದ. ಭಾಳ ಶಾಣ್ಯಾ ಮಶೀನ್.”

“ಮತ್ತ ನೀರು?”

“ನಿನ್ನೆ ಪೂಜಿಗಿ ಮ್ಯಾನೇಜರ್ ಸಾಹೇಬ್ರು ಆ ಪಟ್ಟಿ ಮ್ಯಾಲೇ ಕಾಯಿ ಒಡದ್ರು. ನೀರೆಲ್ಲಾ ಅದರೊಳಗ ಇಳೀತು. ಅದನ್ನೇ ಮಶೀನ್ ಪೈಪಿನಾಗಿನ ನೀರು ಅಂತದ.”

“ಹೇಳಬೇಕಿಲ್ಲೋ?”

“ಹೇಳ್ದೆ. ದೇವರ ಮ್ಯಾಲೆ ತಪ್ಪು ಹಾಕ್ತೀ ಏನು ಅಂದ್ರು.”

ವನಮಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಪೈಪ್ ಬಿಚ್ಚಿ ನೋಡ್ಲಿ ಶಂಕ್ರೆಪ್ಪ, ಹನಿ ನೀರು ಸಿಗಂಗಿಲ್ಲ.”

“ಬಿಚ್ಚಂಗಿಲ್ಲಂತ. ಮಶೀನ್‌ಗೆ ದೃಷ್ಟಿ ತಾಗ್ಯಾದಂತ, ನಾಳಿ ಶಾಂತಿ ಮಾಡಸ್ತಾರ.”

“ಯಾರು ಹೇಳಿದ್ರು?”

“ಕಲ್ಯಾಣ್ ಪ್ಯಾಟಿಯಿಂದ ಕಾಯಿ ತರಾಕ ನನ್ನೇ ಕಳಿಸ್ಯಾರಲ್ಲ! ಚೊಲೋ ನೀರು ತುಂಬಿದ್ದೇ ಬೇಕಂತ.”

ವನಮಾಲಾ ತನ್ನ ಟಿಕೆಟ್ ಪಡೆದು ಪಕ್ಕಕ್ಕೆ ಸರಿದಳು. ಅಷ್ಟರಲ್ಲಿ ಗಾಡಿ ಬಂತು. ಟಿಕೆಟ್ ಕಿತ್ತುಕೊಂಡು ಓಡುತ್ತಿದ್ದ ಶಂಕ್ರೆಪ್ಪನ ಹಿಂದೆಯೇ ಹುಲಗಪ್ಪನೂ ಓಡುತ್ತ ಕೂಗಿದ:

“ನಿನ್ನ ಕಾಲಿಗಿ ಬೀಳ್ತೀನೋ, ಒಣಾ ಕೊಬ್ಬರಿ ತಗೊಂಡ್ ಹೋಗು!”