ಹಸಿರು ಪೆನ್ಸಿಲು ಬೇಡ

ಅಯ್ಯೋ, ಆ ಬಾಗಿಲು ಹಾಕು ಅಂದೆನಲ್ಲ! ಎಷ್ಟು ಸಲ ತೆಗೀತೀಯ? ...ಹೂಂ, ಹೂಂ, ಗೊತ್ತು. ನಿಮ್ಮನೇಲಿ ಯಾವ ಬಾಗಿಲೂ ಹಾಕಲ್ಲ, ಬಚ್ಚಲಿಂದು ಕೂಡ. ನಿಮ್ಮಕ್ಕನಿಗೆ ಆಗಲ್ಲ. ಹೋದ ವಾರಾನೇ ನೀನು ಹೇಳಿದ್ದೆ. ಇದು ನಿಮ್ಮನೆ ಅಲ್ಲ, ನನ್ನ ಟ್ಯೂಷನ್ ಕೋಣೆ. ಹಾಕು. ಹಾಂ... ಜಾಣೆ.

ನಾಡಿದ್ದು ಇಂಗ್ಲಿಷ್ ಪರೀಕ್ಷೆ. ಪ್ಯಾಸೇಜ್ ಅಂತ ಈಗ ನಿನ್ನ ಕೈಗೆ ಕೊಟ್ಟಿದ್ದೀನಲ್ಲ, ಇಂಥದ್ದೇ ಒಂದು ಪತ್ರ ಕೊಡ್ತಾರೆ, ಬರೆದವರು ಯಾವ್ಯಾವ ಮಾತಿಂದ ಓದೋರ ಮನಸ್ಸು ತಿರುಗಿಸ್ತಾರೆ ಅಂತ ಕೇಳ್ತಾರೆ. ಹತ್ತು ಮಾರ್ಕ್ಸು! ಕೆಂಪು ಪೆನ್ಸಿಲು ಯಾವುದಕ್ಕೆ? ಬೈಗುಳಕ್ಕೆ. ನೀಲಿ? ಮತ್ತೆ ಮತ್ತೆ ಬರೋ ಮಾತಿಗೆ. ಹಸಿರು? ...ಸರಿ, ಹೇಳದೆ ಬಿಟ್ಟಿದ್ದಕ್ಕೆ. ನಾನೇ ಹೇಳ್ಕೊಟ್ಟಿದ್ದು. ಇವತ್ತು ಹಸಿರು ಬೇಡ, ಕೆಂಪು ಸಾಕು. ಏನು? ಪತ್ರದ ಮಧ್ಯದಲ್ಲಿ ಬಿಳಿ ಪಟ್ಟಿ ಅಂಟಿಸಿರೋದಾ? ಹರಿದಿತ್ತು, ಬಿಡು.

'ಕ್ರೂಯಲ್ ಟೀಚರ್' ಅಂತ ಇದೆಯಲ್ಲ, ಗೆರೆ ಎಳೆದ್ಯಾ? 'ಅನ್‌ಫಿಟ್'? ಎಳಿ, ಎಳಿ, ಗಟ್ಟಿಯಾಗಿ ಎಳಿ! ಮೊನೆ ಮುರಿದ್ರೂ ಪರವಾಗಿಲ್ಲ. ಬರೆದವಳು ಎಂಥವಳು ಅಂತ ಬರ್ದಿದ್ದೀಯ, ಓದು. 'ಹೊಟ್ಟೆಕಿಚ್ಚಿನವಳು, ಒಂದು ಕಾರಣಾನೂ ಕೊಡದೆ ಇನ್ನೊಬ್ಬರ ಹೆಸರು ಕೆಡಿಸ್ತಾಳೆ'... ಆಹಾ! ಇನ್ನೊಂದ್ಸಲ ಓದು. ನಿಧಾನವಾಗಿ.

ಯಾಕೆ ನಗ್ತೀನಾ? ನಗದೆ ಏನ್ಮಾಡ್ಲಿ ಮರಿ! ಈ ಮಾತು ಇನ್ನೊಬ್ಬರ ಬಾಯಲ್ಲಿ ಕೇಳೋಕೆ ಹನ್ನೊಂದು ವರ್ಷ ಕಾದಿದ್ದೀನಿ. ಆ ಕ್ರೂಯಲ್ ಟೀಚರ್ ನಾನೇ ಕಣೇ! ಹೆಡ್‌ಮಿಸ್ಸು ಇದನ್ನ ನನ್ನ ಮುಖಕ್ಕೆ ಎಸೆದು, ನಾಳೆಯಿಂದ ಬರಬೇಡಿ ಅಂದ್ರು. ಹದಿನಾಲ್ಕು ವರ್ಷ ಪಾಠ ಮಾಡಿದ ಶಾಲೆ! ಗೇಟ್ ಕಾಯೋನು ಕೂಡ ಮುಖ ತಿರುಗಿಸ್ದ. ಆಮೇಲೆ ಯಾವ ಶಾಲೆಯವರೂ ಹತ್ತಿರ ಸೇರಿಸ್ಲಿಲ್ಲ. ಅದಕ್ಕೇ ಈ ಕೋಣೆ, ಈ ಮೂರು ಬೆಂಚು.

ಈಗ ಕೆಳಗೆ ಮಡಚಿ ಪಿನ್ನು ಹೊಡೆದಿದ್ದೀನಲ್ಲ, ಅದನ್ನ ಬಿಚ್ಚು. ಸಹಿ ನೋಡು. ...ಹೂಂ, ನಿಮ್ಮಮ್ಮಾನೇ! ವಕೀಲರ ಆಫೀಸಿನ ಟೈಪಿಸ್ಟಮ್ಮ! ನಿಮ್ಮ ಚಿಕ್ಕಪ್ಪ ನಿನ್ನ ಸೇರಿಸೋಕೆ ಬಂದಾಗ ಫಾರಂನಲ್ಲಿ ಅವಳ ಹೆಸರು ನೋಡ್ದೆ. ಪಾಪ, ಮಗಳು ಯಾರ ಹತ್ರ ಹೋಗ್ತಾಳೆ ಅಂತ ಅವಳಿಗೆ ಗೊತ್ತೇ ಇಲ್ಲ! ಕೊಡು ಆ ಉತ್ತರದ ಹಾಳೆ. ಅವಳಿಗೇ ಕಳಿಸ್ತೀನಿ. ಹೆತ್ತ ಮಗಳ ತೀರ್ಪು, ಮಗಳ ಕೈಬರಹದಲ್ಲೇ! ಉರೀಲಿ ಅವಳ ಹೊಟ್ಟೆ, ನಂದು ಉರಿದ ಹಾಗೆ.

ಕೊಡು ಅಂದೆ... ಏನ್ಮಾಡ್ತಿದ್ದೀಯ? ಕಾಗದ ಯಾಕೆ ಕಿಟಕಿ ಬೆಳಕಿಗೆ ಹಿಡಿದೆ? ಹಸಿರು ಪೆನ್ಸಿಲು ಕೆಳಗಿಡು! ಆ ಪಟ್ಟಿ ಕೆರೀಬೇಡ... ಏ!

ಅದು... ಮಧ್ಯಾಹ್ನವೆಲ್ಲ ಕೂಡಿಹಾಕಿದ್ರು ಅಂತ ನಿಮ್ಮಮ್ಮ ಬರೆದಿದ್ದಾಳಲ್ಲ, ಸುಳ್ಳು! ಒಂದೇ ಪೀರಿಯಡ್ಡು ಅಂದ್ಕೊಂಡಿದ್ದೆ. ಪದ್ಯ ಬಾಯಿಪಾಠ ಮಾಡ್ಕೊಂಡು ಬಂದಿರ್ಲಿಲ್ಲ ಆ ಹುಡುಗಿ, ಒಂಚೂರು ಹೆದರ್ಲಿ ಅಂತ ಚಿಲಕ ಹಾಕ್ದೆ. ಭೂಪಟ ಇಡೋ ಕೋಣೇಲಿ ಏನು ಹುಲಿ ಇತ್ತಾ? ಕಿಟಕಿ ಇರ್ಲಿಲ್ಲ, ಹೌದು... ಬೆಲ್ಲು ಹೊಡೀತು, ಎಲ್ಲರೂ ಹೊರಟ್ರು, ನಂಗೆ ಮರ್ತೋಯ್ತು. ಮರ್ತೋಯ್ತು ಅಷ್ಟೇ! ಸಂಜೆ ಕಸ ಗುಡಿಸೋಳು ಬಂದು ತೆಗೆದ್ಲಲ್ಲ...

ಹಾಗೆ ನೋಡ್ಬೇಡ ಮರಿ. ನಿಮ್ಮಕ್ಕ ಆಗ ಏಳು ವರ್ಷದ ಮಗು, ಅವಳಿಗೆಲ್ಲಿ ನೆನಪಿರುತ್ತೆ...

...ಎಲ್ಲಿಗೆ? ಹಾಳೆ ಹರೀಬೇಡ! ನಾಡಿದ್ದು ಪರೀಕ್ಷೆ ಕಣೇ... ಇರು, ಇರು, ಹೋಗು ಬೇಕಾದ್ರೆ, ಆದ್ರೆ ಬಾಗಿಲು...

ಬಾಗಿಲು ಹಾಕ್ಕೊಂಡು ಹೋಗು ಅನ್ನೋಕೆ ಬಾಯಿ ಬರ್ತಿಲ್ಲ ನಂಗೆ.