ಲೇಬಲ್ಲಿಗೆ ಇಡುವ ಹೆಸರು

ತೊಗರಿ ರಾಶಿಯ ದಿನಗಳು. ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಮುಡಬಿಯ ಸೋನುಬಾಯಿ ಕೂತಿದ್ದಳು. ಸೀರೆಗೆ ಇನ್ನೂ ಹೊಟ್ಟು ಅಂಟಿತ್ತು. ಹಾಸ್ಟೆಲಿಗೆ ಹೊರಟ ಭಾವನ ಮಗಳು ಪೂನಂಳನ್ನು ಬಸ್ಸು ಹತ್ತಿಸಲು ಬಂದಿದ್ದಳು. ಹುಡುಗಿಯ ಕೈಯಲ್ಲಿ ಸೋನುಬಾಯಿಯ ಗಂಡನ ಫೋನಿತ್ತು.

"ಕಾಕು, ಕಾಕಾನ ಫೋನ್ ತುಂಬಿ ಹೋಗ್ಯಾದ. ಬೀಜದ ಕಂಪನಿ ಮೇಲ್ ಎಲ್ಲಾ ಅಳಿಸಾಕತ್ತೇನಿ."

"ಬ್ಯಾಡವಾ! ಅದ್ರಾಗ ಅವರ ಹೆಸರು ಹಿಡಿದು ಕರೀತಾರಲ್ಲ?"

"ಕರಿಯೋದು ಕಂಪ್ಯೂಟರ್ ರಿ. ಕಾಕಾ ತೀರಿಕೊಂಡಿದ್ದು ಅದಕ್ಕೇನ್ ಗೊತ್ತು?"

"ಗೊತ್ತಿಲ್ಲದ್ದ ಛಲೋ ಆತು. ಗೊತ್ತಿದ್ದವ್ರು ಯಾರೂ ಈಗ ಹೆಸರ್ ಎತ್ತಂಗಿಲ್ಲ."

ಪೂನಂ ಅಳಿಸುವುದನ್ನು ನಿಲ್ಲಿಸಿದಳು.

"ಹಂಗಾರ ಅವನ್ನೆಲ್ಲ ಒಂದು ಲೇಬಲ್‌ದಾಗ ಹಾಕ್ತೀನಿ. ಕುರಿಗಿ ಬಣ್ಣ ಹಚ್ಚಿದಂಗ, ಬ್ಯಾರೆದ್ರಾಗ ಬೆರೆಯಂಗಿಲ್ಲ. ಹೆಸರು ಏನಿಡಲಿ?"

"ಅವರದ ಇಡು."

"ಇಟ್ಟೆ. ಆದ್ರ ನಿಮಗ ಓದಾಕ ಬರಂಗಿಲ್ಲ. ಹುಡುಕಬೇಕಂದ್ರ ಈ ಮೈಕ್ ಒತ್ತಿ ಹೆಸರ್ ಹೇಳ್ರಿ."

"ಏ ಹುಚ್ಚಿ, ಗಂಡನ ಹೆಸರು ಹ್ಯಾಂಗ ಹೇಳಲಿ? ಲಗ್ನದಾಗ ಒಡಪಿನ ಪದದಾಗ ಸೇರಿಸಿ ಹೇಳಿದ್ದ ಕಡೀದು."

"ಹೇಳದಿದ್ರ ಸಿಗಂಗಿಲ್ಲ, ಕಾಕು."

ಹುಮನಾಬಾದಿನ ಬಸ್ಸು ಬಂತು. ಪೂನಂ ಫೋನನ್ನು ಅವಳ ಕೈಗಿಟ್ಟು ಹತ್ತಿದಳು. ಬಸ್ಸು ಮರೆಯಾದ ಮೇಲೆ ಸೋನುಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು, ಫೋನಿಗೆ ಏನೋ ಪಿಸುಗುಟ್ಟಿದಳು. ಅದಕ್ಕೆ ಕೇಳಿಸಲಿಲ್ಲ. ಮತ್ತೊಮ್ಮೆ ಪಿಸುಗುಟ್ಟಿದಳು. ಆಮೇಲೆ ಎದ್ದು ತನ್ನ ಬಸ್ಸಿನತ್ತ ನಡೆಯುತ್ತ, ಸೆರಗು ಬಿಟ್ಟು, ಹೊಲದ ಆ ತುದಿಯಲ್ಲಿರುವವನನ್ನು ಕರೆಯುವಷ್ಟು ಜೋರಾಗಿ ಫೋನಿಗೆ ಗಂಡನ ಹೆಸರು ಹೇಳಿದಳು:

"ಸಂಘರತ್ನ!"