ತೆಗೆಯಬೇಕೆ? ಹೌದು

ಹೊಲಿಗೆ ಘಟಕಗಳ ಸಂಘದ ಅಧ್ಯಕ್ಷರಾದ ಚನ್ನಬಸವಯ್ಯನವರೇ, ರಾಯದುರ್ಗ, ಮಡಕಶಿರಾಗಳ ಕಟಿಂಗ್ ಮಾಸ್ತರರೇ, ಊಟದ ವಾಸನೆ ಬಂದರೂ ಕುರ್ಚಿ ಬಿಡದ ಸಭಿಕರೇ,

ಸನ್ಮಾನಪತ್ರದಲ್ಲಿ 'ಬಿಡಿ ಪ್ಯಾಕೇಜುಗಳ ರೂವಾರಿ ಪ್ರಸನ್ನಲಕ್ಷ್ಮಿ' ಎಂದು ಬರೆಸಿದ್ದೀರಿ. ನಮ್ಮತ್ತೆ ಓದಿ, "ಯಾವ ಪ್ಯಾಕೆಟ್ಟವ್ವಾ, ಸಾಂಬಾರ ಪುಡೀದೇನು?" ಎಂದರು. ವಿಷಯ ಇಷ್ಟೇ. ಇಪ್ಪತ್ತೆರಡು ಘಟಕಗಳ ಕಂಪ್ಯೂಟರುಗಳಿಗೆ ಭಾಷೆ, ಪ್ರಿಂಟರ್, ಪ್ಯಾಂಟಿನ ಅಳತೆ ಎಲ್ಲವನ್ನೂ ನಾನು ರಾಯದುರ್ಗದ ಆಫೀಸಿನಿಂದಲೇ ಕಳಿಸುತ್ತೇನೆ. ಮೊದಲು ಒಂದೇ ಗಂಟು ಕಟ್ಟಿ ಕಳಿಸುತ್ತಿದ್ದೆ. ಈಗ ಬೇರೆ ಬೇರೆ ಕಳಿಸುತ್ತೇನೆ. ಒಂದು ಕೆಟ್ಟರೆ ಉಳಿದವು ನಡೆಯುತ್ತವೆ.

ಈ ಬುದ್ಧಿ ಎಲ್ಲಿಂದ ಬಂತು? ಕಾಲೇಜಿನಿಂದಲೇ? ಖಂಡಿತ ಅಲ್ಲ.

ಎರಡು ವರ್ಷದ ಹಿಂದೆ ಹೊಸ ಗಂಟು ಕಳಿಸಿದಾಗ ಪರದೆಯ ಮೇಲೆ 'ಹಳೆಯ ಅಳತೆ ತೆಗೆಯಬೇಕೆ?' ಎಂದು ಬರೆದಿದ್ದೆ. ಅಳಿಸಬೇಕೆ ಎಂಬುದು ನನ್ನ ಅರ್ಥ. ಮಡಕಶಿರಾದ ಕಟಿಂಗ್ ಟೇಬಲಿನ ಓಬಮ್ಮ, ಬಾಗಿಲು ತೆಗೆದ ಹಾಗೆ ತೆರೆದು ತೋರಿಸುತ್ತದೆ ಎಂದುಕೊಂಡು, 'ಹೌದು' ಒತ್ತಿದರು. ಅಳತೆಗಳು ಹೋದವು. ಒಂದೇ ಗಂಟಲ್ಲವೇ, ಭಾಷೆ, ಪ್ರಿಂಟರುಗಳೂ ಹೋದವು. ಗುಂಡಿ ತೆಗೆದವಳು ನಾನು, ಬಿದ್ದವರು ಅವರು.

ನಾನು ರಿಪೇರಿಗೆ ಹೋದಾಗ ಓಬಮ್ಮ ಚಹಾ ಕೊಟ್ಟು ಕೇಳಿದರು: "ಜೋಬು ಕೆಟ್ರೆ ಪ್ಯಾಂಟೇ ಬಿಸಾಕ್ತೀವೇನಮ್ಮ? ಜೋಬು ಬಿಚ್ಚಿ ಬ್ಯಾರೆ ಹೊಲೀತೀವಿ. ನಿಂದ್ಯಾಕೆ ಹಿಂಗೆ?"

ನೀವು ಚಪ್ಪಾಳೆ ತಟ್ಟುತ್ತಿರುವ ಬಿಡಿ ಪ್ಯಾಕೇಜು ಅದೇ ಜೋಬು.

ಇಲ್ಲಿಗೇ ಮುಗಿಸಬೇಕೆಂದು ಬರೆದುಕೊಂಡು ಬಂದಿದ್ದೆ. ಆಗುತ್ತಿಲ್ಲ. ಅವತ್ತು ಅಧ್ಯಕ್ಷರು ಫೋನಿನಲ್ಲಿ, "ಯಾರು ಒತ್ತಿದ್ರು, ಅಷ್ಟು ಹೇಳ್ರಿ" ಎಂದರು. "ಓಬಮ್ಮ ಒತ್ತಿದ್ರು ರೀ" ಎಂದೆ. ಸುಳ್ಳಲ್ಲ. ಆದರೆ ಬರೆದವರು ಯಾರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮಾರನೆಯ ವಾರ ಇಪ್ಪತ್ತು ವರ್ಷ ಕತ್ತರಿ ಹಿಡಿದ ಕೈಗೆ ಅಂಗಿಗೆ ಗುಂಡಿ ಹಚ್ಚುವ ಕೆಲಸ ಬಂತು. ನಾನು 'ತೆಗೆ' ಇದ್ದಲ್ಲಿ 'ಅಳಿಸು' ಎಂದು ತಿದ್ದಿ ಸುಮ್ಮನಾದೆ. ನನಗೆ ನಾಚಿಕೆಯಾಗುತ್ತದೆ.

ಓಬಕ್ಕ, ಎದ್ದು ಹೋಗಬೇಡಿ. ಹಿಂದಿನ ಸಾಲಿನಲ್ಲಿದ್ದರೂ ಕಾಣುತ್ತೀರಿ.

ಅಧ್ಯಕ್ಷರೇ, ಆ ಶಾಲು ಸದ್ಯ ಮಡಿಚಿಡಿ. ಸಂಘದ ರಿಜಿಸ್ಟರಿನಲ್ಲಿ 'ತಪ್ಪು ಓಬಮ್ಮನದು' ಎಂಬ ಸಾಲಿದೆ, ಅದನ್ನು ತೆಗೆಯಿರಿ. ತೆರೆದು ನೋಡುವುದಲ್ಲ, ಅಳಿಸುವುದು. ನಾಳೆ ಬೆಳಗ್ಗೆ ಅವರ ಕತ್ತರಿ ಅವರಿಗೆ ಕೊಡಿ.

ಊಟ ತಣ್ಣಗಾಗುವವರೆಗೂ ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ. ಓಬಕ್ಕ, ನಿಮಗೆ ಮೊದಲು, ನಮಸ್ಕಾರ.